ಬಿಳಿಗೆ ಬೇಕಾದ ದಪ್ಪ

ಕಡುನೀಲಿ ಕಾಗದದ ಮೇಲೆ ಅಚ್ಚಬಿಳಿ ಅಕ್ಷರಗಳ ಲಗ್ನಪತ್ರಿಕೆ ಕಂಪ್ಯೂಟರ್ ಪರದೆಯಲ್ಲಿ ಎಷ್ಟು ಚೆಂದ ಕಾಣುತ್ತದೋ, ಅಚ್ಚಾಗಿ ಬಂದಾಗ ಅಷ್ಟೇ ಮಂಕಾಗಿರುವುದುಂಟು. ಮಾಡಿಸಿದವರು ಶಾಯಿ ಕಳಪೆ ಎನ್ನುತ್ತಾರೆ, ಪ್ರೆಸ್ಸಿನವರು ಕಾಗದ ಹೀರಿಕೊಂಡಿತು ಎನ್ನುತ್ತಾರೆ. ಒಳ್ಳೆಯ ಶಾಯಿ, ನುಣುಪಾದ ಕಾಗದ ಎರಡೂ ಇದ್ದಾಗಲೂ ಹೀಗಾಗುತ್ತದೆ. ಬಿಳಿ ಎದ್ದು ಕಾಣುವುದು ಮುಖ್ಯವಾಗಿ ಶಾಯಿಯ ಪದರ ಎಷ್ಟು ದಪ್ಪ ಎಂಬುದರ ಮೇಲೆ ನಿಂತಿದೆ. ಆ ದಪ್ಪವನ್ನು ಕೊಡುವುದು ಮುದ್ರಣದ ವಿಧಾನ. ಹಾಗಾಗಿ ಅಕ್ಷರ, ಚಿತ್ರ, ಅಂಚಿನ ಅಲಂಕಾರ ಎಲ್ಲಕ್ಕಿಂತ ಮೊದಲು ವಿಧಾನವನ್ನು ತೀರ್ಮಾನಿಸಬೇಕು ಎಂಬುದು ನನ್ನ ವಾದ.

ಆಫ್‌ಸೆಟ್‌ನಲ್ಲಿ ಬಳಸುವ ಹಳದಿ, ಕೆಂಪು, ನೀಲಿ ಶಾಯಿಗಳು ಹೆಚ್ಚುಕಡಿಮೆ ಪಾರದರ್ಶಕ. ಬೆಳಕು ಅವುಗಳ ಮೂಲಕ ಇಳಿದು, ಕೆಳಗಿನ ಬಿಳಿ ಕಾಗದಕ್ಕೆ ತಾಗಿ, ಒಂದಷ್ಟು ಬಣ್ಣ ಕಳೆದುಕೊಂಡು ನಮ್ಮ ಕಣ್ಣಿಗೆ ಮರಳುತ್ತದೆ. ಬೆಳಕನ್ನು ಮರಳಿಸುವ ಕೆಲಸ ಕಾಗದದ್ದು. ಬಣ್ಣದ ಕಾಗದದ ಮೇಲೆ ಕೂರುವ ಬಿಳಿಗೆ ಈ ಅನುಕೂಲವಿಲ್ಲ. ಕಾಗದವನ್ನು ಪೂರ್ತಿ ಮರೆಮಾಡಿ, ಬೆಳಕನ್ನು ತಾನೇ ಚದುರಿಸಿ ವಾಪಸು ಕಳಿಸಬೇಕು. ಬೋಂಡಾ ಇಟ್ಟ ಕಾಗದ ಎಣ್ಣೆ ಕುಡಿದು ಪಾರಕವಾಗುವುದನ್ನು ಎಲ್ಲರೂ ನೋಡಿರುತ್ತೇವೆ. ಕಾಗದದ ನಾರು ಮತ್ತು ಎಣ್ಣೆ ಎರಡರ ವಕ್ರೀಭವನ ಸೂಚ್ಯಂಕವೂ, ಎಂದರೆ ಬೆಳಕನ್ನು ಬಾಗಿಸುವ ಅಳತೆಯೂ, ಸುಮಾರು 1.5, ವ್ಯತ್ಯಾಸವಿಲ್ಲದ ಕಡೆ ಬೆಳಕು ಚದುರುವುದಿಲ್ಲ, ನೇರ ಹಾದುಹೋಗುತ್ತದೆ. ಸೀಮೆಸುಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿದರೆ ಬಿಳುಪು ಮಾಸುವುದೂ ಇದೇ ಕಾರಣಕ್ಕೆ. ಆದ್ದರಿಂದಲೇ ಇಂದಿನ ಬಿಳಿ ಶಾಯಿಗೆ ಟೈಟಾನಿಯಂ ಡೈಆಕ್ಸೈಡ್ ಬೇಕು. ಅದರ ರೂಟೈಲ್ ರೂಪದ ಸೂಚ್ಯಂಕ ಸುಮಾರು 2.7, ಕಣಗಳು 0.2ರಿಂದ 0.3 ಮೈಕ್ರಾನ್ ಇದ್ದಾಗ ಅವು ಬೆಳಕನ್ನು ಅತಿ ಹೆಚ್ಚು ಚದುರಿಸುತ್ತವೆ. ಕೇರಳದ ಕೊಲ್ಲಂ ಬಳಿಯ ಚವರ ಕಡಲತೀರದ ಕಪ್ಪು ಮರಳಿನಲ್ಲಿರುವ ಇಲ್ಮೆನೈಟ್ ಖನಿಜದಿಂದ ಅಲ್ಲಿನ ಕಾರ್ಖಾನೆ ಈ ಬಿಳಿಪುಡಿಯನ್ನು ತೆಗೆಯುತ್ತದೆ. ಇಷ್ಟು ಬೆಳ್ಳನೆಯ ಬಣ್ಣಕ್ಕೆ ಕಪ್ಪು ಮರಳು ಮೂಲವೆಂಬುದು ನನಗೆ ಇಂದಿಗೂ ಸೋಜಿಗ.

ಪುಡಿ ಎಷ್ಟೇ ಸಮರ್ಥವಾಗಿರಲಿ, ಸಾಕಷ್ಟು ಕಣಗಳು ಒಂದರ ಮೇಲೊಂದು ಇರಬೇಕು. ಆಫ್‌ಸೆಟ್ ಯಂತ್ರ ಕಾಗದದ ಮೇಲೆ ಬಿಡುವ ಪದರ ಸುಮಾರು ಒಂದು ಮೈಕ್ರಾನ್. ಅಷ್ಟರಲ್ಲಿ ಕೆಲವೇ ಕಣಗಳ ಸಾಲು ಹಿಡಿಯುತ್ತದೆ, ಉಳಿದ ಬೆಳಕು ನೀಲಿ ಕಾಗದಕ್ಕೆ ಇಳಿಯುತ್ತದೆ. ಲೆಟರ್‌ಪ್ರೆಸ್‌ನ ಪದರವೂ ತೆಳುವೇ. ಅಚ್ಚಿನ ತಗ್ಗು ಕೈಗೆ ಹಿತವಾಗಿ ತಾಗಿದರೂ ಬಿಳಿ ಗಟ್ಟಿಯಾಗುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಹಾಗಲ್ಲ. ಬಲೆಯ ಕಣ್ಣುಗಳ ಮೂಲಕ ಶಾಯಿಯನ್ನು ಸ್ಕ್ವೀಜಿಯಿಂದ ಒತ್ತಿ ಇಳಿಸುವುದರಿಂದ ಪದರ ಹತ್ತು ಮೈಕ್ರಾನನ್ನೂ ಮೀರಬಹುದು. ನಮ್ಮ ಹಿಂದಿನವರು ಶಾಯಿಯನ್ನೇ ಬಿಟ್ಟು ಇದೇ ಸಮಸ್ಯೆಯನ್ನು ಬಿಡಿಸಿದ್ದರು. ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧ ಸಾಕ್ಷಿ. ಬಳಪದ ಪುಡಿಯನ್ನು ನೆನೆಸುವ ಎಣ್ಣೆ ಅಲ್ಲಿಲ್ಲ, ಕಣಗಳ ನಡುವೆ ಬರಿಯ ಗಾಳಿ. ಹಾಗಾಗಿ ಸಾಧಾರಣ ಬಳಪವೂ ಅಲ್ಲಿ ಬೆಳ್ಳಗೆ ಕಾಣುತ್ತದೆ.

ಆಫ್‌ಸೆಟ್‌ನಲ್ಲೇ ಎರಡು ಸಲ ಹೊಡೆದರಾಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಕೆಲವರು ಕೆಳಗೆ ಬೆಳ್ಳಿ ಶಾಯಿಯನ್ನೂ ಕೊಡುತ್ತಾರೆ. ತಿಳಿಬೂದು, ಗೋಧಿಬಣ್ಣದ ಕಾಗದಕ್ಕೆ ಇದು ಸಾಕು. ಕಪ್ಪಿಗೆ, ಕಡುಗೆಂಪಿಗೆ ಸಾಲದು, ಜೊತೆಗೆ ಎರಡನೆಯ ಹೊಡೆತ ಕೂದಲೆಳೆ ಸರಿದರೂ ಅಕ್ಷರ ಎರಡಾಗಿ ಕಾಣುತ್ತದೆ. ಬಿಳಿ ಕಾಗದದ ಮೇಲೆಯೇ ನೀಲಿ ತುಂಬಿಸಿ ಅಕ್ಷರವನ್ನು ಖಾಲಿ ಬಿಡುವುದು ಇನ್ನೊಂದು ದಾರಿ. ಅದು ಅಗ್ಗ, ಸಣ್ಣ ಅಕ್ಷರಕ್ಕೂ ಒಗ್ಗುತ್ತದೆ, ಆದರೆ ಕತ್ತರಿಸಿದ ಅಂಚು ಬೆಳ್ಳಗಿರುತ್ತದೆ, ಮಡಿಕೆಯಲ್ಲಿ ಬಣ್ಣ ಬಿರುಕು ಬಿಡುತ್ತದೆ. ತಿರುಳಿನಲ್ಲೇ ಬಣ್ಣ ಬೆರೆತ ಕಾಗದದ ಮೈ ಬೇಕೆಂದೇ ಹೆಚ್ಚು ಹಣ ಕೊಡುವವರಿಗೆ ಇದು ಪರಿಹಾರವಲ್ಲ. ನಿಜವಾದ ಎದುರಾಳಿ ಬಿಳಿ ಫಾಯಿಲ್. ಅದು ಚೆನ್ನಾಗಿಯೇ ಮುಚ್ಚುತ್ತದೆ, ಅಂಚೂ ಚೂಪು. ಆದರೆ ಅದು ನನ್ನ ಮಾತನ್ನೇ ಹಿಡಿದೆತ್ತುತ್ತದೆ: ಪಟಲದ ಮೇಲೆ ಮೊದಲೇ ಸಿದ್ಧವಾದ ಪದರವನ್ನು ಬಿಸಿ ಮತ್ತು ಒತ್ತಡದಿಂದ ಕಾಗದಕ್ಕೆ ಅಂಟಿಸುವುದೇ ಅಲ್ಲಿನ ಕೆಲಸ. ಲೋಹದ ಬ್ಲಾಕ್ ಮಾಡಿಸಬೇಕಾದ್ದರಿಂದ ನೂರಿನ್ನೂರು ಪ್ರತಿಗಳಿಗೆ ಖರ್ಚು ಭಾರವಾಗುತ್ತದೆ. ಒರಟು ಕಾಗದದ ಮೇಲೆ ಅಗಲವಾದ ಜಾಗ ಸಮವಾಗಿ ಹಿಡಿಯದಿರಬಹುದು.

ಸ್ಕ್ರೀನ್‌ನ ವಿರುದ್ಧ ಗಟ್ಟಿಯಾದ ಆಕ್ಷೇಪ ಕನ್ನಡ ಲಿಪಿಯಿಂದಲೇ ಬರುತ್ತದೆ. ದಪ್ಪ ಶಾಯಿ ಹರಡಿ ಸಣ್ಣ ಸುರುಳಿಗಳನ್ನು ಮುಚ್ಚುತ್ತದೆ. ಇಂಗ್ಲಿಷಿನ ಹೆಸರು ನಿಚ್ಚಳವಾಗಿ ಬಂದ ಅಳತೆಯಲ್ಲೇ ‘ಲಕ್ಷ್ಮೀ’ ಎಂಬುದರ ಒತ್ತುಗಳು ಮುದ್ದೆಯಾಗುತ್ತವೆ. ಇದನ್ನು ಒಪ್ಪಿಕೊಂಡೇ ವಿನ್ಯಾಸ ಮಾಡಬೇಕು. ಏಕಪ್ರಕಾರದ ಗೆರೆಯ, ಒಳಜಾಗ ಅಗಲವಿರುವ ಅಕ್ಷರ ಆರಿಸಿ, ವಧೂವರರ ಹೆಸರು, ಮುಹೂರ್ತ, ಸ್ಥಳ ಇಷ್ಟನ್ನೇ ಬಣ್ಣದ ಕಾಗದದ ಮೇಲೆ ಬಿಳಿಯಲ್ಲಿ ದೊಡ್ಡದಾಗಿ ಹಾಕಿಸುವುದು ಒಳ್ಳೆಯದು. ಎರಡೂ ಮನೆಯ ಹಿರಿಯರ ಉದ್ದನೆಯ ಪಟ್ಟಿಯನ್ನು ಒಳಗಿನ ತಿಳಿಬಣ್ಣದ ಹಾಳೆಯಲ್ಲಿ ಕಡುಶಾಯಿಯಿಂದ ಆಫ್‌ಸೆಟ್‌ನಲ್ಲಿ ಮುದ್ರಿಸಬಹುದು. ಮಾದರಿಯನ್ನು ಆಯ್ದ ಕಾಗದದ ಮೇಲೆಯೇ ತೆಗೆಸಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡಬೇಕು. ದಪ್ಪ ಪದರ ಒಣಗಲು ಹೊತ್ತು ಹಿಡಿಯುತ್ತದೆ. ಅವಸರದಲ್ಲಿ ಪತ್ರಿಕೆಗಳನ್ನು ಒಟ್ಟಿದರೆ ಒಂದರ ಬಿಳಿ ಮೇಲಿನದರ ಬೆನ್ನಿಗೆ ಅಂಟುತ್ತದೆ. ಪ್ರೆಸ್ಸಿನವರು ಇನ್ನೊಂದು ದಿನ ಕೇಳಿದರೆ ಕೊಡಿ.