ಪಾಲಿನಲ್ಲಿ ಪಾಲು

ಒಂದು ವಸ್ತುವನ್ನು ಎಷ್ಟು ಸಮಪಾಲು ಮಾಡಿದೆವು ಎಂಬುದನ್ನು ಛೇದ ಹೇಳುತ್ತದೆ, ಅದರಲ್ಲಿ ಎಷ್ಟು ಪಾಲು ತೆಗೆದುಕೊಂಡೆವು ಎಂಬುದನ್ನು ಅಂಶ. ಭಿನ್ನರಾಶಿಗಳನ್ನು ಗುಣಿಸುವ ನಿಯಮವೂ ಅಷ್ಟೇ ಚಿಕ್ಕದು: ಅಂಶಕ್ಕೆ ಅಂಶ, ಛೇದಕ್ಕೆ ಛೇದ ಗುಣಿಸಿದರೆ ಮುಗಿಯಿತು. ಕೂಡುವಾಗಿನಂತೆ ಛೇದ ಸಮ ಮಾಡುವ ಗೋಜಿಲ್ಲ. ಅದಕ್ಕೇ ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ಆದರೆ 2/3 × 3/4 ಎಂಬುದಕ್ಕೆ ಚಿತ್ರ ಬರೆಯಿರಿ ಎಂದರೆ ಅದೇ ಮಕ್ಕಳ ಪೆನ್ಸಿಲ್ ನಿಂತುಬಿಡುತ್ತದೆ. ಮಗ್ಗಿ ಕಲಿತಂದಿನಿಂದ ಗುಣಿಸಿದರೆ ಸಂಖ್ಯೆ ದೊಡ್ಡದಾಗುತ್ತದೆ ಎಂದು ನಂಬಿದವರಿಗೆ ಈಗ ಸಿಗುವ ಅರ್ಧ ಎಂಬ ಉತ್ತರ ಎರಡೂ ಸಂಖ್ಯೆಗಳಿಗಿಂತ ಚಿಕ್ಕದು. ನಿಯಮದಲ್ಲಿ ತೊಡಕಿಲ್ಲ, ಯಾವುದರ ಪಾಲನ್ನು ಎಣಿಸುತ್ತಿದ್ದೇವೆ ಎಂಬುದು ಕೈತಪ್ಪುವುದೇ ತೊಡಕು.

ಇದನ್ನು ಕಾಣಿಸಲು ಹೊಲಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಎಕರೆಗೆ 40 ಗುಂಟೆ ಎಂಬುದು ಪಹಣಿ ನೋಡಿದ ಮನೆಗಳಲ್ಲೆಲ್ಲ ಗೊತ್ತಿರುವ ಲೆಕ್ಕ. ಒಂದು ಎಕರೆಯ ಮುಕ್ಕಾಲು ಭಾಗದಲ್ಲಿ ರಾಗಿ ಇದೆ, ಆ ರಾಗಿಯ ಐದರಲ್ಲಿ ಎರಡು ಪಾಲು ಕಟಾವಾಗಿದೆ ಎನ್ನೋಣ. ಎಕರೆಯ ಎಷ್ಟು ಭಾಗ ಕಟಾವಾಯಿತು? ಹಾಳೆಯೊಂದನ್ನು ಹೊಲವೆಂದುಕೊಂಡು ಉದ್ದಕ್ಕೆ ನಾಲ್ಕು ಪಟ್ಟಿ ಮಾಡಿ, ಮೂರಕ್ಕೆ ಹಸಿರು ಬಳಿಯಬೇಕು. ಆಮೇಲೆ ಅಡ್ಡಲಾಗಿ ಐದು ಪಟ್ಟಿ ಮಾಡಿ, ಹಸಿರಿರುವಲ್ಲಿ ಎರಡು ಪಟ್ಟಿಗೆ ಗೀಟು ಹಾಕಬೇಕು. ಗೀಟು ಬಿದ್ದ ಹಸಿರು ಮನೆಗಳು ಆರು. ಎಷ್ಟರಲ್ಲಿ ಆರು ಎಂಬಲ್ಲಿ ಎಷ್ಟೋ ಮಕ್ಕಳು 6/15 ಎನ್ನುತ್ತಾರೆ. ಇದನ್ನು ತಪ್ಪೆಂದು ಹೊಡೆದುಹಾಕಬಾರದು, ಏಕೆಂದರೆ ಇದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ. ರಾಗಿಯಲ್ಲಿ ಎಷ್ಟು ಕಟಾವಾಯಿತು ಎಂದು ಕೇಳಿದ್ದರೆ 15ರಲ್ಲಿ 6 ಸರಿಯೇ. ನಾವು ಕೇಳಿದ್ದು ಇಡೀ ಎಕರೆಯ ಪಾಲನ್ನು. ಅಡ್ಡಗೆರೆಗಳನ್ನು ಹಸಿರಿನ ಅಂಚಿಗೇ ನಿಲ್ಲಿಸದೆ ಬಿತ್ತದೆ ಬಿಟ್ಟ ಪಟ್ಟಿಗೂ ಎಳೆದರೆ ಹೊಲದಲ್ಲಿ 20 ಮನೆಗಳಾಗುತ್ತವೆ. ನಾಲ್ಕು ಪಟ್ಟಿ, ಪಟ್ಟಿಗೆ ಐದು ಮನೆ: ಛೇದಗಳನ್ನು ಗುಣಿಸುವುದೇಕೆ ಎಂಬುದು ಆ ಒಂದು ಗೆರೆಯಲ್ಲಿ ಬಯಲಾಗುತ್ತದೆ! ಉತ್ತರ 6/20, ಅಂದರೆ 3/10. ತಾಳೆ ನೋಡಲು ಗುಂಟೆ ಇದ್ದೇ ಇದೆ: ರಾಗಿ ಇರುವುದು 30 ಗುಂಟೆಯಲ್ಲಿ, ಕಟಾವಾದದ್ದು 12 ಗುಂಟೆ; 40ರಲ್ಲಿ 12 ಎಂದರೂ 3/10 ತಾನೇ? ಪಠ್ಯಗಳಲ್ಲಿ ಕಾಣುವ ದುಂಡನೆಯ ರೊಟ್ಟಿಗೆ ಈ ಅನುಕೂಲವಿಲ್ಲ. ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದರೆ ಅದು ಸಮಪಾಲಾಗುವುದಿಲ್ಲ.

17/23ನ್ನು 11/19ರಿಂದ ಗುಣಿಸಲು ಯಾವ ಹಾಳೆ ಮಡಚುತ್ತೀರಿ ಎಂದು ಕೇಳುವವರಿದ್ದಾರೆ. ಮಡಚಬೇಕಾಗಿಲ್ಲ. ಹಾಳೆ ಇರುವುದು ಲೆಕ್ಕ ಮಾಡಲಿಕ್ಕಲ್ಲ, ನಿಯಮ ಎಲ್ಲಿಂದ ಬಂತೆಂದು ತೋರಿಸಲಿಕ್ಕೆ. ಅದಕ್ಕೆ ಚಿಕ್ಕ ಛೇದಗಳೇ ಸಾಕು. ಇದಕ್ಕೆಲ್ಲ ಪಾಠದ ವೇಳೆ ಎಲ್ಲಿದೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಆದರೆ ಹಾಳೆಯ ಮೇಲೆ ಇಡಿಯನ್ನು ಹಿಡಿದಿಡಲು ಕಲಿತ ಮಗುವಿಗೆ ಸರಳಗೊಳಿಸುವುದನ್ನು ಬೇರೆಯಾಗಿ ಬಾಯಿಪಾಠ ಮಾಡಿಸಬೇಕಿಲ್ಲ. ಮುಕ್ಕಾಲರ ಮೂರರಲ್ಲಿ ಎರಡು ಪಾಲು ಎಂದಾಗ ಹಸಿರು ಪಟ್ಟಿಗಳು ಆಗಲೇ ಮೂರಿವೆ, ಎರಡನ್ನು ತೆಗೆದುಕೊಂಡರೆ 2/4, ಅರ್ಧ. ಹೊಸ ಗೆರೆಯೇ ಬೇಡ. ಮೂರಕ್ಕೆ ಮೂರು ಹೊಡೆದುಹಾಕುವುದೆಂದರೆ ಇದೇ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ತಮ್ಮ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದಲ್ಲಿ, ಗುಣಿಸುವ ಮೊದಲೇ ಅಂಶ-ಛೇದಗಳನ್ನು ಹೀಗೆ ಓರೆಯಾಗಿ ಸರಳಗೊಳಿಸಿಕೊಳ್ಳಲು ಹೇಳಿದ್ದಾರೆ. ಪಾಲಿನ ಪಾಲಿಗೆ ‘ಪ್ರಭಾಗ’ ಎಂಬ ಬೇರೆ ವರ್ಗವನ್ನೇ ಇಟ್ಟಿದ್ದಾರೆ. ಅದರ ಕನ್ನಡ ಅನುವಾದ ಶಿಕ್ಷಕರ ಮೇಜಿನ ಮೇಲೆ ಇರಬೇಕು.

ಹಾಗೆಂದು ಯಾವ ನಿಜಜೀವನದ ಲೆಕ್ಕವಾದರೂ ನಡೆದೀತೆಂದಲ್ಲ. ಮುಕ್ಕಾಲು ಲೀಟರ್ ಹಾಲು, ಅರ್ಧ ಲೀಟರ್ ನೀರು ಎಂದಾಗ ಒಂದು ಇನ್ನೊಂದರ ಪಾಲಲ್ಲ. ಅಲ್ಲಿ ಗುಣಿಸುವುದಕ್ಕೇ ಅರ್ಥವಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ಇಷ್ಟಾದ ಮೇಲೆ ಮಕ್ಕಳು ಭಿನ್ನರಾಶಿಯಿಂದ ಗುಣಿಸಿದರೆ ಯಾವಾಗಲೂ ಚಿಕ್ಕದಾಗುತ್ತದೆ ಎಂಬ ಎದುರು ತುದಿಗೆ ಹೋಗಿಬಿಡಬಹುದು. ಆಗ ಮುಕ್ಕಾಲು ಎಕರೆಯ ಒಂದೂವರೆ ಪಟ್ಟು ಎಷ್ಟೆಂದು ಕೇಳಿ: 3/2 × 3/4, ಅಂದರೆ 9/8. 30 ಗುಂಟೆ 45 ಆಗಿ ಒಂದು ಎಕರೆ 5 ಗುಂಟೆಗೆ ಬರುತ್ತದೆ, ಮಕ್ಕಳು ಎರಡನೆಯ ಹಾಳೆ ಕೇಳುತ್ತಾರೆ. ಕೊಡಿ; ಎಂಟನೇ ಒಂದು ಯಾವ ಹಾಳೆಯ ಪಾಲು ಎಂದು ಅವರೇ ವಾದಿಸಲಿ.