ಚೂರಿ, ಕುಡುಗೋಲುಗಳ ವ್ಯಾಪಾರ ಮತ್ತು ಶಸ್ತ್ರಾಸ್ತ್ರ ಕಾಯ್ದೆ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಿಗೆ ಕತ್ತರಿ, ಕುಡುಗೋಲು, ಕೊಡಲಿ ಪೂರೈಸುವ ವಿಜಯಪುರದ ವರ್ತಕರು ಅಂಜಬೇಕಾದ ಕಾರಣವಿಲ್ಲ. ಕೇವಲ ಗೃಹಕೃತ್ಯ ಅಥವಾ ಕೃಷಿಗೆಂದೇ ರೂಪಿಸಿದ ವಸ್ತುಗಳನ್ನು 1959ರ ಶಸ್ತ್ರಾಸ್ತ್ರ ಕಾಯ್ದೆಯು ಆಯುಧವೆಂದು ಪರಿಗಣಿಸುವುದಿಲ್ಲ.

ತೊಡಕಿರುವುದು ಚೂರಿಗಳಲ್ಲಿ. 2016ರ ನಿಯಮಗಳ ಅನುಸೂಚಿಯಂತೆ, ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿದ್ದು, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಗಳ ಬಳಕೆಗೆ ರೂಪಿಸದಿದ್ದಲ್ಲಿ ಅದು ಹರಿತಾಯುಧ. ಅಳತೆಯಷ್ಟೇ ಅಲ್ಲ, ಉದ್ದೇಶವೂ ಮುಖ್ಯ. ಕಟುಕರ ಕತ್ತಿ ಅಳತೆ ಮೀರಿದರೂ ಕಸುಬಿನ ಸಾಧನವೇ. ಕಲಂ 4ರಡಿ ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದೇಶಗಳಲ್ಲಿ, ಅಧಿಸೂಚನೆಯಲ್ಲಿ ಹೆಸರಿಸಿದ ಆಯುಧಗಳನ್ನು ಇಟ್ಟುಕೊಳ್ಳಲೂ ಪರವಾನಗಿ ಬೇಕು.

ಜಿಲ್ಲಾ ದಂಡಾಧಿಕಾರಿಗಳು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಆಯುಧ ಒಯ್ಯುವುದನ್ನು ನಿಷೇಧಿಸಿದ ದಿನಗಳಲ್ಲಿ ಸರಕು ಸಾಗಿಸುವವರು ಬಿಲ್ಲನ್ನು ಜೊತೆಗಿಟ್ಟುಕೊಳ್ಳುವುದು ಲೇಸು. ಅದರಲ್ಲಿ ಬರಿಯ ‘ಚೂರಿ’ ಎನ್ನದೆ ಅಲಗಿನ ಅಳತೆ, ಬಳಕೆಗಳನ್ನೂ ನಮೂದಿಸಬೇಕು.