ತವರಿನ ಹೆಪ್ಪು

ಕ್ರಿಸ್ಟಿಯಾನೊ ಮೆನೆಜೆಸ್ ಅವರಿಗೆ ಬೇಕಿದ್ದದ್ದು ರಾಣಿನೊಣಗಳು. ಬ್ರೆಜಿಲ್‌ನ ಈ ವಿಜ್ಞಾನಿ ಸ್ಕ್ಯಾಪ್ಟೊಟ್ರೈಗೋನಾ ಡೆಪಿಲಿಸ್ ಎಂಬ ಕೊಂಡಿಯಿಲ್ಲದ ಜೇನಿನ ಮರಿಹುಳುಗಳನ್ನು ಪ್ರಯೋಗಾಲಯದಲ್ಲಿ ಸಾಕುತ್ತಿದ್ದರು. ಹುಳುಗಳ ಆಹಾರದ ಮೇಲೆ ಬಿಳಿ ಬೂಷ್ಟು ಕಾಣಿಸಿತು. ಎಲ್ಲೋ ಶುಚಿ ತಪ್ಪಿದೆ ಎಂದೇ ಮೊದಲು ಅಂದುಕೊಂಡರು.

ನಮ್ಮ ಕರಾವಳಿಯ ಮುಜಂಟಿ, ಮಲೆನಾಡಿನ ಮಿಸ್ರಿ ಜೇನು ಇದೇ ಬಳಗದವು. ಈ ಬಳಗ ಮರಿ ಸಾಕುವ ರೀತಿಯೇ ಬೇರೆ. ತುಡುವೆ ಜೇನು ತನ್ನ ಮರಿಗಳಿಗೆ ಆಗಾಗ ಉಣಿಸುತ್ತಿರುತ್ತದೆ. ಇಲ್ಲಿ ಹಾಗಲ್ಲ. ಮೇಣಕ್ಕೆ ಮರದ ಅಂಟು ಬೆರೆಸಿ ಕಟ್ಟಿದ ಪುಟ್ಟ ಕೋಶಕ್ಕೆ ಕೆಲಸಗಾರ ನೊಣಗಳು ತೆಳ್ಳನೆಯ ಆಹಾರವನ್ನು ಒಮ್ಮೆಲೇ ತುಂಬುತ್ತವೆ. ಅದರ ಮೇಲೆ ರಾಣಿ ಒಂದು ಮೊಟ್ಟೆ ಇಟ್ಟ ಕೂಡಲೇ ಕೋಶದ ಬಾಯಿ ಮುಚ್ಚಿಬಿಡುತ್ತವೆ. ರೆಕ್ಕೆ ಮೂಡಿ ಹೊರಬರುವವರೆಗೆ ಮರಿಗೆ ಅದೊಂದೇ ಬುತ್ತಿ.

ಮೆನೆಜೆಸ್ ಗೂಡಿನ ಕೋಶಗಳನ್ನು ತೆರೆದು ನೋಡಿದರೆ ಅಲ್ಲೂ ಅದೇ ಬಿಳಿ ಎಳೆಗಳು! ಹುಳು ಅದನ್ನು ಮೇಯುತ್ತಿತ್ತು. ಶಿಲೀಂಧ್ರವಿಲ್ಲದ ಆಹಾರ ಕೊಟ್ಟು ಪರೀಕ್ಷಿಸಿದಾಗ ಬದುಕಿದ್ದು ನೂರಕ್ಕೆ 8 ಮರಿ ಮಾತ್ರ. ಶಿಲೀಂಧ್ರ ಇದ್ದಲ್ಲಿ 76 ಉಳಿದವು. 2015ರಲ್ಲಿ ಇದು ‘ಕರೆಂಟ್ ಬಯಾಲಜಿ’ಯಲ್ಲಿ ಪ್ರಕಟವಾಯಿತು.

ಅಲ್ಲಿಗೇ ನಿಲ್ಲದೆ ಅವರು ತಮ್ಮ ಮಾತನ್ನೇ ತಿದ್ದಿಕೊಂಡದ್ದು ನನಗೆ ಇನ್ನೂ ಮೆಚ್ಚುಗೆ. ಮೊದಲು ಮೊನಾಸ್ಕಸ್ ಎಂದು ಹೆಸರಿಸಿದ್ದ ಶಿಲೀಂಧ್ರ, ಝೈಗೊಸ್ಯಾಕರೊಮೈಸಿಸ್ ಎಂಬ ಯೀಸ್ಟ್ ಎಂದು 2018ರಲ್ಲಿ ಮೋನಿಕಾ ಪುಪೊ ಅವರ ತಂಡದೊಂದಿಗೆ ನಡೆಸಿದ ಅಧ್ಯಯನ ತಿಳಿಸಿತು. ಕಾರಣವೂ ಸಿಕ್ಕಿತು. ಹುಳು ಪೊರೆ ಕಳಚಿ ಪ್ಯೂಪಾ ಆಗಲು ಒಂದು ಹಾರ್ಮೋನ್ ಬೇಕು. ಅದಕ್ಕೆ ಬೇಕಾದ ಸ್ಟೆರಾಯ್ಡ್ ಅನ್ನು ಕೀಟದ ಮೈ ತಾನಾಗಿ ತಯಾರಿಸದು, ಬೂಷ್ಟು ಒದಗಿಸುತ್ತದೆ.

ಕುಟುಂಬ ಒಡೆದು ಹೊಸ ಗೂಡು ಹೂಡುವಾಗ ನೊಣಗಳು ತಾಯಿಗೂಡಿನ ಅಂಟುಮೇಣವನ್ನು ಹೊತ್ತೊಯ್ಯುತ್ತವೆ. ಶಿಲೀಂಧ್ರ ಅದರಲ್ಲೇ ಇರುತ್ತದೆ, ತವರಿನಿಂದ ಒಯ್ದ ಹೆಪ್ಪಿನಂತೆ.

ಶಿಲೀಂಧ್ರನಾಶಕ ನೊಣವನ್ನು ನೇರವಾಗಿ ಕೊಲ್ಲದಿದ್ದರೂ ಅದರ ಈ ಹೆಪ್ಪನ್ನು ಕೊಂದೀತು ಎಂದು ಸಂಶೋಧಕರು ಆಗಲೇ ಎಚ್ಚರಿಸಿದ್ದಾರೆ. ನಮ್ಮ ತೋಟಗಳಲ್ಲಿ ಪರಾಗಸ್ಪರ್ಶದ ಕೆಲಸ ಮಾಡುವ ಮುಜಂಟಿಯೂ ಇದೇ ಬಳಗದ್ದು. ಹೂ ಬಿಟ್ಟಿರುವಾಗ ಔಷಧಿ ಹೊಡೆಯಬೇಡಿ. ಗೋಡೆಯ ಸಂದಿಯಲ್ಲಿ ಮುಜಂಟಿ ಕಂಡರೆ ಅದರ ಪಾಡಿಗೆ ಅದನ್ನು ಬಿಡಿ.